ಹೇಳಿಕೊಂಡ ಕತೆ ಯಾರದು?

ಕನ್ನಡದಲ್ಲಿ ‘ಹೇಳುವುದು’ ಬೇರೆ, ‘ಹೇಳಿಕೊಳ್ಳುವುದು’ ಬೇರೆ. ಪೇಟೆಯ ಸುದ್ದಿಯನ್ನು ಹೇಳುತ್ತೇವೆ, ಕಷ್ಟವನ್ನು ಹೇಳಿಕೊಳ್ಳುತ್ತೇವೆ. ಹೇಳುವುದಕ್ಕೆ ಎದುರಿಗೆ ಯಾರಿದ್ದರೂ ಆದೀತು. ಹೇಳಿಕೊಳ್ಳುವುದಕ್ಕೆ ನಂಬಿಕೆಯ ಒಂದು ಜೀವ ಬೇಕು. ‘ಕೊಳ್ಳು’ ಎಂಬ ಆ ಸಣ್ಣ ಪದ ಮಾತಿನ ಫಲವನ್ನು ಆಡಿದವರ ಕಡೆಗೇ ತಿರುಗಿಸುತ್ತದೆ. ಹೇಳಿಕೊಂಡವರ ಎದೆ ಹಗುರವಾಗಬೇಕು. ಮಾತು ಹೊರಟದ್ದೇ ಅದಕ್ಕಾಗಿ. ಕೇಳಿದವನು ಅದನ್ನು ಎತ್ತಿಕೊಂಡು ಹೋಗಿ ನಾಲ್ಕು ಜನರ ಮುಂದೆ ಇಟ್ಟನೆಂದರೆ, ಹೇಳಿಕೊಂಡದ್ದು ಬರಿಯ ಹೇಳಿದ್ದಾಗಿಬಿಡುತ್ತದೆ.

ನಮ್ಮ ವಾರಪತ್ರಿಕೆಗಳಲ್ಲಿ ಮನೋವೈದ್ಯರು ಓದುಗರ ಪತ್ರಗಳಿಗೆ ಉತ್ತರಿಸುವ ಅಂಕಣಗಳನ್ನು ನೀವು ನೋಡಿದ್ದೀರಿ. ‘ಹೆಸರು, ಊರು ಬೇಡ’ ಎಂಬ ಒಕ್ಕಣೆಯ ಕೆಳಗೆ ಯಾರದೋ ಮನೆಯ ಒಳಕೋಣೆ ತೆರೆದುಕೊಂಡಿರುತ್ತದೆ. ನಾವು ಅದನ್ನು ಅನುಕಂಪದಿಂದ ಓದುತ್ತೇವೆ, ಸ್ವಲ್ಪ ಕುತೂಹಲದಿಂದಲೂ ಓದುತ್ತೇವೆ. ಆ ಪತ್ರ ಬರೆದವರಿಗಾದರೂ ತಮ್ಮ ಮಾತು ಅಚ್ಚಾಗುತ್ತದೆಂಬುದು ಗೊತ್ತಿರುತ್ತದೆ. ಅದು ಗೊತ್ತಿಲ್ಲದೆ ಹೇಳಿಕೊಂಡವರ ಕತೆಗಳ ಮೇಲೆಯೇ ಮಾನಸಿಕ ಚಿಕಿತ್ಸೆಯೆಂಬ ವಿದ್ಯೆಯ ಬಹುಭಾಗ ನಿಂತಿದೆ ಎಂದರೆ ಅತಿಶಯೋಕ್ತಿಯೆನಿಸಬಹುದು. ಹಾಗಲ್ಲವೆಂಬುದನ್ನು ತಿಳಿಯಲು ಈ ವಿದ್ಯೆಯ ಮೊಟ್ಟಮೊದಲ ಕತೆಯನ್ನೇ ನೋಡೋಣ.

1880ರ ಬೇಸಗೆ. ಆಸ್ಟ್ರಿಯ ದೇಶದ ಇಷ್ಲ್ ಎಂಬ ಬೆಟ್ಟದ ಊರಿಗೆ ವಿಯೆನ್ನಾದ ಒಂದು ಶ್ರೀಮಂತ ಯಹೂದಿ ಕುಟುಂಬ ಹವೆ ಬದಲಿಸಲೆಂದು ಬಂದಿತ್ತು. ಯಜಮಾನರು ಅಲ್ಲಿಯೇ ಕಾಯಿಲೆ ಬಿದ್ದರು. ರಾತ್ರಿಯ ಶುಶ್ರೂಷೆ ಮಗಳ ಪಾಲಿಗೆ ಬಂತು. ಆಕೆ ಬರ್ಥಾ ಪಾಪೆನ್‌ಹೈಮ್. 1859ರಲ್ಲಿ ಹುಟ್ಟಿದವಳು, ಆಗ ಇಪ್ಪತ್ತೊಂದು ವರ್ಷ. ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಭಾಷೆಗಳನ್ನು ಬಲ್ಲವಳು, ಕುದುರೆ ಸವಾರಿ ಬಲ್ಲವಳು, ಬುದ್ಧಿಯಲ್ಲಿ ಚುರುಕು. ಆದರೆ ಸಂಪ್ರದಾಯಸ್ಥ ಮನೆತನ. ತಮ್ಮ ವಿಶ್ವವಿದ್ಯಾನಿಲಯಕ್ಕೆ ಹೋದ. ಅಕ್ಕನ ಓದು ಹದಿನಾರಕ್ಕೇ ನಿಂತಿತು. ಉಳಿದದ್ದು ಕಸೂತಿ, ಮನೆಗೆಲಸ, ವರಾನ್ವೇಷಣೆಯ ನಿರೀಕ್ಷೆ. ಕೈ ಕಸೂತಿ ಹಾಕುತ್ತಿದ್ದರೆ ಮನಸ್ಸು ಕತೆ ಕಟ್ಟುತ್ತಿತ್ತು. ಈ ಒಳಗಿನ ಆಟಕ್ಕೆ ಆಕೆಯೇ ಒಂದು ಹೆಸರಿಟ್ಟುಕೊಂಡಿದ್ದಳು: ತನ್ನ ಖಾಸಗಿ ನಾಟಕಶಾಲೆ. ಕೂಡಿಟ್ಟ ಸೀರೆಯಂತೆ ಬುದ್ಧಿಯನ್ನು ಪೆಟ್ಟಿಗೆಯಲ್ಲಿಟ್ಟು ಕಾಲ ಕಳೆದ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದರಾದ್ದರಿಂದ, ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಜುಲೈ ತಿಂಗಳ ಒಂದು ರಾತ್ರಿ ತಂದೆಯ ಹಾಸಿಗೆಯ ಪಕ್ಕದಲ್ಲಿ ಕುರ್ಚಿಯ ಬೆನ್ನಿಗೆ ಬಲಗೈಯನ್ನು ಚಾಚಿ ಕುಳಿತಿದ್ದಾಗ ಆಕೆಗೆ ಅರೆನಿದ್ದೆ ಕವಿಯಿತು. ಗೋಡೆಯಿಂದ ಒಂದು ಕರಿಯ ಹಾವು ಇಳಿದು ತಂದೆಯ ಕಡೆಗೆ ಹರಿಯುತ್ತಿರುವಂತೆ ಕಂಡಿತು. ಓಡಿಸಬೇಕೆಂದರೆ ಜೋಮುಹಿಡಿದ ಕೈ ಏಳಲಿಲ್ಲ. ನೋಡುತ್ತಿದ್ದಂತೆ ಬೆರಳುಗಳೇ ಸಣ್ಣ ಸಣ್ಣ ಹಾವುಗಳಾದುವು. ಪ್ರಾರ್ಥನೆ ಮಾಡಬೇಕೆಂದರೆ ಯಾವ ಭಾಷೆಯಲ್ಲಿಯೂ ಮಾತು ಬರಲಿಲ್ಲ. ಕೊನೆಗೆ ನೆನಪಾದದ್ದು ಇಂಗ್ಲಿಷಿನ ಒಂದು ಶಿಶುಗೀತೆ. ಮುಂದಿನ ತಿಂಗಳುಗಳಲ್ಲಿ ಬಲಗೈ ಸೆಡೆಯಿತು, ಕಣ್ಣು ಮೆಳ್ಳೆಯಾಯಿತು, ಕೆಮ್ಮು ಹತ್ತಿತು. ತಾಯಿನುಡಿಯಾದ ಜರ್ಮನ್ ಆಕೆಯ ನಾಲಗೆಯಿಂದ ಜಾರಿಹೋಗಿ ಇಂಗ್ಲಿಷೊಂದೇ ಉಳಿಯಿತು. 1881ರ ಏಪ್ರಿಲಿನಲ್ಲಿ ತಂದೆ ತೀರಿಕೊಂಡ ಮೇಲೆ ಸ್ಥಿತಿ ಇನ್ನೂ ಕೆಟ್ಟಿತು.

ಚಿಕಿತ್ಸೆ ಮಾಡಿದವನು ಡಾಕ್ಟರ್ ಯೋಸೆಫ್ ಬ್ರಾಯರ್. ಉಸಿರಾಟವನ್ನು ನಿಯಂತ್ರಿಸುವ ನರಗಳ ಮೇಲೆ, ಒಳಗಿವಿಯ ಸಮತೋಲದ ಮೇಲೆ ಸಂಶೋಧನೆ ಮಾಡಿ ಹೆಸರಾಗಿದ್ದ ವೈದ್ಯ. ಆತನ ದೊಡ್ಡ ಗುಣವೆಂದರೆ, ಎದುರಿಗಿರುವವರ ಮಾತನ್ನು ಕೇಳುವ ತಾಳ್ಮೆ. ಸಂಜೆಯಾಗುತ್ತಲೇ ಬರ್ಥಾಳಿಗೆ ಒಂದು ಬಗೆಯ ಮಂಪರು ಕವಿಯುತ್ತಿತ್ತು. ಆಗ ಆಕೆ ಕತೆ ಹೇಳುತ್ತಿದ್ದಳು. ಮೊದಮೊದಲು ಅವು ಮಕ್ಕಳ ಕತೆಗಳಂತಿದ್ದುವು: ಯಾರೋ ಕಾಯಿಲೆಯವರ ಬಳಿ ಆತಂಕದಿಂದ ಕುಳಿತ ಒಬ್ಬ ಹುಡುಗಿ. ಹೇಳಿ ಮುಗಿಸಿದ ಮೇಲೆ ಸಮಾಧಾನ. ಹೇಳದ ದಿನ ತಳಮಳ. ಬ್ರಾಯರ್ ಸಂಜೆಯ ವೇಳೆಗೆ ಬಂದು ಕೂತು ಕೇಳುವುದನ್ನೇ ಚಿಕಿತ್ಸೆಯಾಗಿ ಮಾಡಿಕೊಂಡ.

ಒಂದು ಬೇಸಗೆಯಲ್ಲಿ ಸುಮಾರು ಆರು ವಾರ ಆಕೆ ನೀರು ಕುಡಿಯಲಾರದೆ ಹೋದಳು. ಬಾಯಾರಿ ಬಟ್ಟಲನ್ನು ಕೈಗೆತ್ತಿಕೊಂಡರೂ ತುಟಿಗೆ ತಗುಲಿದೊಡನೆ ತಳ್ಳಿಬಿಡುವಳು. ಹಣ್ಣೇ ಗತಿಯಾಯಿತು. ಒಂದು ಸಂಜೆ ಮಂಪರಿನಲ್ಲಿ ತನ್ನ ಇಂಗ್ಲಿಷ್ ಸಹಚಾರಿಣಿಯ ವಿಷಯ ಬಂತು. ಆ ಹೆಂಗಸಿನ ಕೋಣೆಗೆ ಹೋದಾಗ ಆಕೆಯ ನಾಯಿಮರಿ ಲೋಟದಿಂದ ನೀರು ಕುಡಿಯುತ್ತಿದ್ದುದನ್ನು ಕಂಡಿದ್ದಳಂತೆ. ಹೇಸಿಗೆಯಾದರೂ ಮರ್ಯಾದೆಗೆಂದು ಸುಮ್ಮನಿದ್ದಳಂತೆ. ಅದುಮಿಟ್ಟ ಆ ಸಿಟ್ಟನ್ನೆಲ್ಲ ಈಗ ಕಾರಿದಳು; ನೀರು ಬೇಕೆಂದಳು; ಗಟಗಟನೆ ಕುಡಿದಳು. ಎಚ್ಚರವಾದಾಗ ಬಟ್ಟಲು ಇನ್ನೂ ತುಟಿಯ ಮೇಲಿತ್ತು. ಆ ತೊಂದರೆ ಮತ್ತೆ ಬರಲಿಲ್ಲವೆಂದು ಬ್ರಾಯರ್ ಬರೆದಿದ್ದಾನೆ.

ಇಲ್ಲಿಂದ ಮುಂದೆ ಇಬ್ಬರೂ ಸೇರಿ ಒಂದೊಂದು ಲಕ್ಷಣದ ಜಾಡನ್ನೂ ಹಿಂದುಹಿಂದಕ್ಕೆ ಹಿಡಿದು ಹೋದರು. ಯಾರಾದರೂ ಒಳಗೆ ಬಂದರೆ ತನಗೆ ಕೇಳಿಸದಿರುವುದೊಂದು ಲಕ್ಷಣ. ಅದು ಯಾವಾಗ ಯಾವಾಗ ಆಯಿತೆಂದು ಆಕೆ ಬಂದವರ ಹೆಸರು, ಸಂದರ್ಭ, ಎಷ್ಟೋ ಕಡೆ ತಾರೀಖು ಸಹಿತ ಹೇಳಿದ ಪ್ರಸಂಗಗಳು 108. ನಮ್ಮ ಜಪಮಾಲೆಯ ಸಂಖ್ಯೆಯೇ ಬಂದದ್ದು ಆಕಸ್ಮಿಕ. ಆದರೆ ಒಂದೊಂದೇ ಮಣಿಯನ್ನು ಸರಿಸಿ ತುದಿಗೆ ಬರುವ ಆ ಸಹನೆಯ ಕೆಲಸಕ್ಕೆ ಅದು ಒಪ್ಪುತ್ತದೆ. 1881-82ರ ಚಳಿಗಾಲದಲ್ಲಿ ಇನ್ನೊಂದು ವಿಚಿತ್ರವಾಯಿತು: ಆಕೆ ದಿನದ ಒಂದು ಭಾಗವನ್ನು ಹಿಂದಿನ ವರ್ಷದ ಅದೇ ದಿನದಲ್ಲಿ ಬದುಕತೊಡಗಿದಳು. ಆಕೆ ಹೇಳಿದ್ದು ಸರಿಯೇ ಎಂದು ನೋಡಲು ತಾಯಿ ಬರೆದಿಟ್ಟಿದ್ದ ದಿನಚರಿಯನ್ನು ತೆಗೆದರು. ದಿನ ದಿನವೂ ತಾಳೆಯಾಯಿತು.

ಈ ಚಿಕಿತ್ಸೆಗೆ ಹೆಸರಿಟ್ಟವನು ವೈದ್ಯನಲ್ಲ, ರೋಗಿ. ಆಗ ತನಗೆ ಉಳಿದಿದ್ದ ಇಂಗ್ಲಿಷಿನಲ್ಲಿಯೇ ಆಕೆ ಅದನ್ನು ‘ಮಾತಿನ ಚಿಕಿತ್ಸೆ’ ಎಂದು ಕರೆದಳು. ತಮಾಷೆಯ ಗಳಿಗೆಯಲ್ಲಿ ‘ಹೊಗೆಗೂಡು ಗುಡಿಸುವುದು’ ಎಂದಳು. ಇಂದಿಗೂ ಲೋಕದಲ್ಲೆಲ್ಲ ಆ ಮೊದಲ ಹೆಸರು ಬಳಕೆಯಲ್ಲಿದೆ. ಒಂದು ವಿದ್ಯೆಯ ಹೆಸರು ಅದರಿಂದ ಚಿಕಿತ್ಸೆ ಪಡೆದವಳ ಬಾಯಿಂದ ಬಂದದ್ದು ಅಪರೂಪ. ಆದರೆ ಆ ವಿದ್ಯೆಯ ಗ್ರಂಥದಲ್ಲಿ ಆಕೆಯ ಸ್ವಂತ ಹೆಸರು ಇಲ್ಲ.

ಗ್ರಂಥ ಬಂದದ್ದು 1895ರಲ್ಲಿ, ಘಟನೆ ನಡೆದು ಹದಿಮೂರು ವರ್ಷಗಳ ಮೇಲೆ. ಬ್ರಾಯರ್‌ಗೆ ಅದನ್ನು ಪ್ರಕಟಿಸುವ ಮನಸ್ಸಿರಲಿಲ್ಲ. ಒತ್ತಾಯಿಸಿದವನು ಆತನ ಕಿರಿಯ ಸ್ನೇಹಿತ ಸಿಗ್ಮಂಡ್ ಫ್ರಾಯ್ಡ್. ಇಬ್ಬರ ಹೆಸರಿನಲ್ಲಿ ಹಿಸ್ಟೀರಿಯಾ ಕುರಿತ ಅಧ್ಯಯನಗಳ ಪುಸ್ತಕ ಹೊರಬಂದಾಗ ಅದರ ಮೊದಲ ರೋಗಿ ‘ಆನಾ ಓ’. ಬಿ ಅಕ್ಷರದ ಹಿಂದಿನದು ಎ, ಪಿ ಅಕ್ಷರದ ಹಿಂದಿನದು ಓ. ಬರ್ಥಾ ಪಾಪೆನ್‌ಹೈಮ್ ಹೀಗೆ ಒಂದೊಂದು ಅಕ್ಷರ ಹಿಂದಕ್ಕೆ ಸರಿದು ಆನಾ ಓ ಆದಳು. ಇಷ್ಟು ತೆಳುವಾದ ಮುಸುಕು ವಿಯೆನ್ನಾದ ಪರಿಚಿತರ ವಲಯದಲ್ಲಿ ಎಷ್ಟರ ಮಟ್ಟಿಗೆ ಮುಚ್ಚೀತು? ಫ್ರಾಯ್ಡನ ಹೆಂಡತಿಗೇ ಬರ್ಥಾ ಪರಿಚಿತಳು.

ಅದೇ ಪುಸ್ತಕದಲ್ಲಿ ಫ್ರಾಯ್ಡ್ ಒಂದು ಕಡೆ, ತಾನು ಬರೆಯುವ ರೋಗವೃತ್ತಾಂತಗಳು ಸಣ್ಣಕತೆಗಳಂತೆ ಓದಿಸಿಕೊಳ್ಳುತ್ತವೆ, ಶಾಸ್ತ್ರದ ಗಂಭೀರ ಮುದ್ರೆ ಅವಕ್ಕಿಲ್ಲವೆಂದು ಸಂಕೋಚ ಪಡುತ್ತಾನೆ. ಆದರೆ ಇದು ವಸ್ತುವಿನ ಸ್ವಭಾವವೇ ಹೊರತು ತನ್ನ ಒಲವಲ್ಲವೆಂದು ಸಮಾಧಾನವನ್ನೂ ಹೇಳಿಕೊಳ್ಳುತ್ತಾನೆ. ಸಾಹಿತ್ಯ ಓದುವ ನಮಗೆ ಈ ಸಂಕೋಚ ಕುತೂಹಲದ್ದು. ಕತೆಯಾದಮೇಲೆ ಅದಕ್ಕೊಂದು ಮುಕ್ತಾಯ ಬೇಕಾಗುತ್ತದೆ. ಬ್ರಾಯರ್ ಬರೆದ ವೃತ್ತಾಂತಕ್ಕೆ ಅಂಥ ಮುಕ್ತಾಯವಿದೆ. ಚಿಕಿತ್ಸೆ ಇಂಥ ದಿನ ಮುಗಿಯಬೇಕೆಂದು ಆಕೆಯೇ ಗೊತ್ತುಮಾಡಿದಳು: 1882ರ ಜೂನ್ 7. ಆ ದಿನ ಕೋಣೆಯನ್ನು ತಂದೆಯ ರೋಗಶಯ್ಯೆಯ ಕೋಣೆಯಂತೆ ಅಣಿಮಾಡಿ ಹಾವಿನ ರಾತ್ರಿಯನ್ನು ಮತ್ತೆ ಅಭಿನಯಿಸಿದಳು. ಮುಗಿಯುತ್ತಲೇ ಜರ್ಮನ್ ಮಾತಾಡಿದಳು. ಬಳಿಕ ಊರು ಬಿಟ್ಟು ಪ್ರಯಾಣ ಹೊರಟಳು; ಪೂರ್ತಿ ಸಮತೋಲಕ್ಕೆ ಬರಲು ಇನ್ನೂ ಕೆಲಕಾಲ ಹಿಡಿಯಿತು; ಅಂದಿನಿಂದ ಆರೋಗ್ಯವಾಗಿದ್ದಾಳೆ. ನಾಟಕಶಾಲೆಗೆ ಪರದೆ ಬಿತ್ತು.

ಆ ‘ಪ್ರಯಾಣ’ ಮತ್ತು ಆ ‘ಕೆಲಕಾಲ’ ಎಂಬ ಎರಡು ಮಾತುಗಳಲ್ಲಿ ಎಷ್ಟು ಅಡಗಿತ್ತೆಂಬುದು ಓದುಗರಿಗೆ ತಿಳಿಯಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. ಮುಖದ ನರದ ಅಸಹನೀಯ ನೋವಿಗೆಂದು ಕೊಟ್ಟ ಮಾರ್ಫಿನ್ ಚಟವಾಗಿ ಹತ್ತಿಕೊಂಡಿತ್ತು. ಜುಲೈ ತಿಂಗಳಲ್ಲಿಯೇ ಆಕೆಯನ್ನು ಸ್ವಿಟ್ಸರ್ಲೆಂಡಿನ ಕ್ರಾಯ್ಟ್ಸ್‌ಲಿಂಗನ್ ಊರಿನ ಬೆಲ್‌ವ್ಯೂ ಎಂಬ ಮಾನಸಿಕ ಆರೋಗ್ಯಧಾಮಕ್ಕೆ ಸೇರಿಸಿದರು. ಅಕ್ಟೋಬರ್ ಕೊನೆಯವರೆಗೆ ಅಲ್ಲಿದ್ದಳು. ಆಮೇಲೆಯೂ 1887ರವರೆಗೆ ಮೂರು ಬಾರಿ ವಿಯೆನ್ನಾದ ಬಳಿಯ ಇನ್ನೊಂದು ಆರೋಗ್ಯಧಾಮದಲ್ಲಿ ಇರಬೇಕಾಯಿತು. ಆಕೆ ಸತ್ತು ಈ ಸಂಕಟದಿಂದ ಬಿಡುಗಡೆ ಹೊಂದಿದರೆ ಮೇಲೆಂದು ಬ್ರಾಯರ್ ತನ್ನೆದುರು ಹೇಳಿದನೆಂದು ಫ್ರಾಯ್ಡ್ 1883ರಲ್ಲಿ ತನ್ನ ಭಾವೀ ಪತ್ನಿಗೆ ಪತ್ರದಲ್ಲಿ ಬರೆದಿದ್ದ. ಅಂದರೆ, ಪುಸ್ತಕ ಬರೆದ ಇಬ್ಬರಿಗೂ ನಿಜಸಂಗತಿ ಗೊತ್ತಿತ್ತು.

ಬ್ರಾಯರನನ್ನು ಮೋಸಗಾರನೆನ್ನಲು ನನಗೆ ಮನಸ್ಸು ಬಾರದು. ಎರಡು ವರ್ಷ ಸಂಜೆ ಸಂಜೆಯೂ ಒಬ್ಬ ತರುಣಿಯ ಪಕ್ಕ ಕೂತು, ಎಲ್ಲರೂ ಹುಚ್ಚೆಂದು ತಳ್ಳಿಹಾಕಬಹುದಾಗಿದ್ದ ಮಾತುಗಳಿಗೆ ಅರ್ಥವಿದೆಯೆಂದು ನಂಬಿದ ವೈದ್ಯ ಅಂದಿನ ಯೂರೋಪಿನಲ್ಲಿ ಬೇರೆ ಎಷ್ಟು ಮಂದಿ ಇದ್ದರು? ತನ್ನ ಕಾಯಿಲೆಯ ಅರ್ಥವನ್ನು ರೋಗಿಯೇ ಬಲ್ಲಳು ಎಂಬ ದೊಡ್ಡ ಮಾತು ಅವನ ಬರಹದಿಂದಲೇ ಹೊರಟಿತು. ಆ ಬರಹ ಪ್ರಕಟವಾಗದೆ ಇದ್ದಿದ್ದರೆ ಮುಂದಿನ ಎಷ್ಟೋ ರೋಗಿಗಳಿಗೆ ಮಾತಿನ ಬದಲು ತಣ್ಣೀರ ಸ್ನಾನವೂ ವಿದ್ಯುತ್ತಿನ ಆಘಾತವೂ ಗತಿಯಾಗುತ್ತಿದ್ದುವು. ತೊಡಕು ಇರುವುದೇ ಇಲ್ಲಿ. ಹೇಳಿಕೊಂಡವಳ ಗುಟ್ಟನ್ನು ಕಾಯಬೇಕು. ಇನ್ನೊಬ್ಬರ ನೋವು ಕಳೆಯಲು ಅದನ್ನೇ ಬಿಚ್ಚಿಡಬೇಕು. ಹಿಪ್ಪೊಕ್ರಾಟಿಸನ ಹೆಸರಿನ ಪ್ರಾಚೀನ ಪ್ರತಿಜ್ಞೆ ಮೊದಲನೆಯದನ್ನು ಮಾತ್ರ ಹೇಳಿತ್ತು.

ಈ ತೊಡಕನ್ನು ಮುಚ್ಚುಮರೆಯಿಲ್ಲದೆ ಚರ್ಚಿಸಿದವನು ಫ್ರಾಯ್ಡ್. 1900ರ ಅಕ್ಟೋಬರಿನಲ್ಲಿ ಹದಿನೆಂಟರ ಹುಡುಗಿಯೊಬ್ಬಳನ್ನು ಆಕೆಯ ತಂದೆ ಅವನ ಬಳಿಗೆ ಕರೆತಂದ. ತಂದೆಗೆ ಸ್ನೇಹಿತನೊಬ್ಬನ ಹೆಂಡತಿಯೊಡನೆ ಸಂಬಂಧವಿತ್ತು. ಆ ಸ್ನೇಹಿತ ಈ ಹುಡುಗಿಯ ಮೇಲೆ ಕೈಯಿಟ್ಟಿದ್ದ. ಹುಡುಗಿ ಹೇಳಿದರೆ ಮನೆಯವರು ನಂಬಲಿಲ್ಲ. ಫ್ರಾಯ್ಡ್ ನಂಬಿದ, ಆದರೆ ಆಕೆಯ ಹೇಸಿಗೆಗೆ ಬೇರೆಯೇ ಅರ್ಥ ಕಟ್ಟಿದ. ಹನ್ನೊಂದು ವಾರ ಕಳೆದು, ವರ್ಷದ ಕೊನೆಯ ದಿನ, ಇದೇ ಕಡೆಯ ಭೇಟಿಯೆಂದು ಹೇಳಿ ಹುಡುಗಿ ಎದ್ದುಹೋದಳು. ಈ ವೃತ್ತಾಂತ 1905ರಲ್ಲಿ ಅಚ್ಚಾಯಿತು. ಮುನ್ನುಡಿಯಲ್ಲಿ ಫ್ರಾಯ್ಡ್ ಹೇಳುವುದು ಹೀಗೆ: ವೈದ್ಯನಿಗೆ ಒಬ್ಬ ರೋಗಿಯ ಕಡೆಗೆ ಮಾತ್ರವಲ್ಲ, ಅದೇ ನೋವಿನ ಅನೇಕರ ಕಡೆಗೂ ಋಣವಿದೆ, ಹೆಸರು, ಊರು ಮರೆಸಿದ್ದೇನೆ, ನಾಲ್ಕು ವರ್ಷ ಕಾದಿದ್ದೇನೆ, ಈ ನಗರದಲ್ಲಿ ಇದನ್ನು ಗುಟ್ಟಿನ ಕೀಲಿಕೈಯುಳ್ಳ ಕಾದಂಬರಿಯಂತೆ ಓದಿ ರಂಜಿಸಿಕೊಳ್ಳುವ ವೈದ್ಯರಿದ್ದಾರೆಂಬುದೂ ನನಗೆ ಗೊತ್ತು. ಇಷ್ಟೆಲ್ಲ ಪ್ರಾಮಾಣಿಕವಾಗಿ ಹೇಳಿದವನು ಇನ್ನೊಂದು ಮಾತನ್ನೂ ಅಲ್ಲಿಯೇ ಹೇಳುತ್ತಾನೆ. ತಮ್ಮ ಮಾತು ಶಾಸ್ತ್ರಕ್ಕೆ ಒದಗೀತೆಂಬ ಶಂಕೆ ಬಂದಿದ್ದರೆ ರೋಗಿಗಳು ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಒಪ್ಪಿಗೆ ಕೇಳುವುದಂತೂ ವ್ಯರ್ಥ. ಒಪ್ಪಲಾರರೆಂದು ಗೊತ್ತಿದ್ದುದರಿಂದ ಕೇಳಲಿಲ್ಲ ಎಂಬ ಈ ತರ್ಕಕ್ಕೆ ಏನೆನ್ನೋಣ!

ಆ ಹುಡುಗಿಗೆ ಫ್ರಾಯ್ಡ್ ಇಟ್ಟ ಹೆಸರು ‘ಡೋರಾ’. ಈ ಹೆಸರೇ ಏಕೆ ಹೊಳೆಯಿತೆಂದು ಅವನೇ ಬೇರೊಂದು ಕಡೆ ಶೋಧಿಸಿದ್ದಾನೆ. ಅವನ ತಂಗಿಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳ ನಿಜವಾದ ಹೆಸರು ರೋಸಾ; ತಂಗಿಯ ಹೆಸರೂ ರೋಸಾ. ಯಜಮಾನಿಯ ಹೆಸರು ಆಳಿಗಿರಬಾರದೆಂದು ಆಕೆಯನ್ನು ಡೋರಾ ಎಂದು ಕರೆದರು. ತನ್ನ ಹೆಸರನ್ನೂ ಉಳಿಸಿಕೊಳ್ಳಲಾಗದ ಪಾಪದವರು ಎಂದು ಆಗ ಫ್ರಾಯ್ಡನಿಗೆ ಅನ್ನಿಸಿತ್ತಂತೆ. ಹೆಸರಿಡಬೇಕಾದ ಗಳಿಗೆಯಲ್ಲಿ ಅದೇ ನೆನಪಾಯಿತು. ನಿಜವಾದ ಡೋರಾ, ಎಂದರೆ ಈಡಾ ಬಾವರ್, 1945ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಳು.

ಮತ್ತೆ ಬರ್ಥಾಳ ಬಳಿಗೆ ಬರೋಣ. 1888ರಲ್ಲಿ ತಾಯಿಮಗಳು ವಿಯೆನ್ನಾ ಬಿಟ್ಟು ತಾಯಿಯ ತವರಾದ ಫ್ರಾಂಕ್‌ಫರ್ಟಿಗೆ ಬಂದರು. ಅಲ್ಲಿ ಆಕೆ ಬರೆಯತೊಡಗಿದಳು, ಬೇರೆ ಹೆಸರಿನಲ್ಲಿ. ತನ್ನ ಹೆಸರಿನ ಎರಡು ತುಂಡುಗಳನ್ನು ಹಿಂದುಮುಂದು ಮಾಡಿ ‘ಪಾಲ್ ಬರ್ಥೋಲ್ಡ್’ ಎಂಬ ಗಂಡುಹೆಸರನ್ನು ಕಟ್ಟಿಕೊಂಡಳು. 1890ರಲ್ಲಿ ಬಂದ ಆಕೆಯ ಕತೆಗಳ ಒಂದು ಪುಸ್ತಕದ ಹೆಸರನ್ನು ಕನ್ನಡದಲ್ಲಿ ‘ಗುಜರಿ ಅಂಗಡಿಯಲ್ಲಿ’ ಎನ್ನಬಹುದು. ಮುರಿದ, ಹರಿದ, ಯಾರಿಗೂ ಬೇಡವಾದ ಸಾಮಾನುಗಳು ಅಲ್ಲಿ ಒಂದೊಂದಾಗಿ ತಮ್ಮ ಬಾಳಿನ ಕತೆಯನ್ನು ತಾವೇ ಹೇಳಿಕೊಳ್ಳುತ್ತವೆ. ಲೇಖಕಿಯ ಬದುಕನ್ನು ಕೃತಿಗೆ ಅಂಟಿಸಿ ಓದುವುದು ನನಗೆ ಹಿಡಿಸದ ಅಭ್ಯಾಸ. ಆದರೂ ಇಲ್ಲಿ ಕೈ ತಡೆಯುವುದಿಲ್ಲ.

1895ರ ಸುಮಾರಿನಲ್ಲಿ, ಆನಾ ಓ ಪುಸ್ತಕದಲ್ಲಿ ಕಾಣಿಸಿಕೊಂಡ ಹೊತ್ತಿಗೆ ಸರಿಯಾಗಿ, ಬರ್ಥಾ ಫ್ರಾಂಕ್‌ಫರ್ಟಿನ ಯಹೂದಿ ಹೆಣ್ಣುಮಕ್ಕಳ ಅನಾಥಾಲಯವೊಂದರ ಮನೆತಾಯಿಯಾಗಿದ್ದಳು. ಆ ಮಕ್ಕಳಿಗೆ ಕತೆ ಹೇಳುತ್ತಿದ್ದಳು. 1899ರಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟಳ ಸ್ತ್ರೀ ಹಕ್ಕುಗಳ ಗ್ರಂಥವನ್ನು ಜರ್ಮನ್ ಭಾಷೆಗೆ ತಂದಳು. ಅದೇ ವರ್ಷ ಸ್ತ್ರೀಯರ ಹಕ್ಕನ್ನೇ ವಸ್ತುವಾಗಿಸಿ ನಾಟಕ ಬರೆದಳು. 1904ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಒಕ್ಕೂಟವನ್ನು ಸ್ಥಾಪಿಸಿ ಇಪ್ಪತ್ತು ವರ್ಷ ಅದರ ಅಧ್ಯಕ್ಷೆಯಾಗಿದ್ದಳು. 1907ರಲ್ಲಿ ನಾಯ್-ಈಸೆನ್‌ಬುರ್ಗ್ ಎಂಬ ಊರಿನಲ್ಲಿ, ಮದುವೆಯಿಲ್ಲದೆ ಬಸಿರಾದವರಿಗೆ, ಅವರ ಕೂಸುಗಳಿಗೆ, ದಿಕ್ಕುತಪ್ಪುವ ಅಪಾಯದಲ್ಲಿದ್ದ ಹುಡುಗಿಯರಿಗೆ ಒಂದು ಮನೆ ತೆರೆದಳು. ಹೆಣ್ಣುಮಕ್ಕಳ ಮಾರಾಟದ ಜಾಲವನ್ನು ಹುಡುಕಿಕೊಂಡು ಗಲೀಷಿಯಾ, ಬಾಲ್ಕನ್ ನಾಡುಗಳು, ಮಧ್ಯಪ್ರಾಚ್ಯ ಎಲ್ಲ ತಿರುಗಿದಳು. ವೇಶ್ಯಾಗೃಹಗಳೊಳಗೆ ಹೋಗಿ ಅಲ್ಲಿಯವರ ಕಷ್ಟ ಕೇಳಿದಳು. ಆ ಪ್ರಯಾಣದ ಪತ್ರಗಳನ್ನು 1924ರಲ್ಲಿ ಪ್ರಕಟಿಸುವಾಗ ಸಿಸಿಫಸನ ದುಡಿಮೆ ಎಂಬ ಅರ್ಥದ ಹೆಸರಿಟ್ಟಳು. ಗುಡ್ಡಕ್ಕೆ ಬಂಡೆ ಉರುಳಿಸಿದಂತೆ, ಮುಗಿಯದ ಕೆಲಸ. ನ್ಯಾಯವಾಗಿ ಹೇಳುವುದಾದರೆ, ತನ್ನ ಮುಂದೆ ಹೇಳಿಕೊಂಡವರ ಕತೆಗಳನ್ನು ಆಕೆಯೂ ಲೋಕದ ಮುಂದಿಟ್ಟಳು. ಲೋಕ ಕಣ್ಣು ತೆರೆಯಲೆಂದು ಇಟ್ಟಳು ಎನ್ನಬಹುದು. ಫ್ರಾಯ್ಡನೂ ಹಾಗೆಯೇ ಎನ್ನುತ್ತಿದ್ದ.

ತನ್ನ ಕತೆಯನ್ನು ಮಾತ್ರ ಆಕೆ ಆಡಲಿಲ್ಲ. ವಿಯೆನ್ನಾದ ಆ ವರ್ಷಗಳ ಬಗ್ಗೆ ಸಾರ್ವಜನಿಕವಾಗಿ ಒಂದು ಮಾತೂ ಇಲ್ಲ. ಅಲ್ಲಿಯ ಕಾಗದಪತ್ರಗಳನ್ನು ಆಕೆಯೇ ನಾಶಮಾಡಿದಳೆಂದು ಆಕೆಯ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ತನ್ನ ಆಶ್ರಯದಲ್ಲಿದ್ದ ಹುಡುಗಿಯರಿಗೆ ಮನೋವಿಶ್ಲೇಷಣೆಯ ಚಿಕಿತ್ಸೆ ಬೇಡವೆಂದು ಖಂಡಿತವಾಗಿ ಹೇಳುತ್ತಿದ್ದಳೆಂಬುದು ಜೊತೆಯಲ್ಲಿ ದುಡಿದವರ ನೆನಪು. 1936ರ ವಸಂತದಲ್ಲಿ, ಕಾಯಿಲೆಯಿಂದ ಹಾಸಿಗೆ ಹಿಡಿದವಳನ್ನು ನಾಜಿ ಗುಪ್ತ ಪೊಲೀಸರು ವಿಚಾರಣೆಗೆ ಕರೆಸಿದರು. ಅದಾಗಿ ಕೆಲವೇ ವಾರಗಳಲ್ಲಿ, ಮೇ 28ರಂದು, ತೀರಿಕೊಂಡಳು. 1938ರ ನವೆಂಬರಿನಲ್ಲಿ ಆಕೆಯ ಮನೆಗೆ ಬೆಂಕಿ ಬಿತ್ತು. 1942ರಲ್ಲಿ ಅದನ್ನು ಮುಚ್ಚಿಸಿ, ಉಳಿದಿದ್ದವರನ್ನು ಶಿಬಿರಗಳಿಗೆ ಸಾಗಿಸಿದರು.

ಆಕೆ ಸತ್ತು ಹದಿನೇಳು ವರ್ಷಗಳಾದ ಮೇಲೆ, 1953ರಲ್ಲಿ, ಫ್ರಾಯ್ಡನ ಜೀವನಚರಿತ್ರೆಯನ್ನು ಬರೆದ ಅರ್ನೆಸ್ಟ್ ಜೋನ್ಸ್ ಆನಾ ಓ ಯಾರೆಂಬುದನ್ನು ಹೆಸರು ಹಿಡಿದು ಹೊರಹಾಕಿದ. ಒಂದು ವಿದ್ಯೆಯ ಮೂಲಸ್ಥಾನದಲ್ಲಿರುವವಳಿಗೆ ಸಲ್ಲಬೇಕಾದ ಗೌರವ ಇದೆಂಬುದು ಅವನ ಸಮರ್ಥನೆ. ಬಂಧುಗಳಿಗೆ ನೋವಾಯಿತು. ಜೋನ್ಸ್ ಹೆಸರಿನ ಜೊತೆಗೆ ಇನ್ನೊಂದು ಕತೆಯನ್ನೂ ಸೇರಿಸಿದ: ಚಿಕಿತ್ಸೆ ಮುಗಿದ ದಿನವೇ ಆಕೆಗೆ ಬ್ರಾಯರನ ಮಗುವನ್ನು ಹೆರುವ ಭ್ರಮೆ ಬಂತಂತೆ, ಗಾಬರಿಯಾದ ಬ್ರಾಯರ್ ಹೆಂಡತಿಯೊಡನೆ ವೆನಿಸ್‌ಗೆ ಓಡಿದನಂತೆ, ಅಲ್ಲಿಯೇ ಅವನ ಕಿರಿಯ ಮಗಳು ಗರ್ಭದಲ್ಲಿ ಮೂಡಿದಳಂತೆ. ಕತೆ ಸೊಗಸಾಗಿದೆ. ಆದರೆ ಆ ಮಗಳು ಹುಟ್ಟಿದ್ದು 1882ರ ಮಾರ್ಚ್ ತಿಂಗಳಲ್ಲಿ. ಚಿಕಿತ್ಸೆ ಮುಗಿದದ್ದು ಜೂನಿನಲ್ಲಿ. ನಮ್ಮಲ್ಲಿ ತ್ರಿವೇಣಿಯವರ ‘ಶರಪಂಜರ’ವನ್ನು ಓದಿದವರಿಗೆ, ಗುಣವಾಗಿ ಮನೆಗೆ ಬಂದವಳ ಬೆನ್ನಿಗೆ ಹಳೆಯ ಕಾಯಿಲೆಯ ಹೆಸರು ಹೇಗೆ ಅಂಟಿಕೊಳ್ಳುತ್ತದೆಂದು ಹೇಳಬೇಕಾಗಿಲ್ಲ. ಬರ್ಥಾಳಿಗೆ ಅದು ಸತ್ತಮೇಲೆ ಅಂಟಿತು. 1954ರಲ್ಲಿ ಪಶ್ಚಿಮ ಜರ್ಮನಿಯ ಅಂಚೆ ಇಲಾಖೆ ಮಾನವಕೋಟಿಗೆ ನೆರವಾದವರ ಸಾಲಿನಲ್ಲಿ ಆಕೆಯ ಚಿತ್ರವಿರುವ ಅಂಚೆಚೀಟಿ ತಂದಿತು. ಆದರೂ ಇಂದು ಹತ್ತು ಜನ ಓದುಬಲ್ಲವರನ್ನು ಕೇಳಿದರೆ, ಒಂಬತ್ತು ಮಂದಿಗೆ ಗೊತ್ತಿರುವುದು ಆನಾ ಓ. ಬರ್ಥಾ ಪಾಪೆನ್‌ಹೈಮ್ ಅಲ್ಲ.

ಇಷ್ಟರಲ್ಲಿ ವೈದ್ಯಲೋಕದ ನೀತಿ ನಿಧಾನವಾಗಿ ಬದಲಾಗಿದೆ. ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ 1995ರಲ್ಲಿ, ಗುರುತು ಸಿಕ್ಕಬಹುದಾದ ರೋಗಿಯ ವಿವರವನ್ನು ಆತನ ತಿಳಿದ ಒಪ್ಪಿಗೆಯಿಲ್ಲದೆ ಅಚ್ಚುಮಾಡಬಾರದೆಂದು ಹೇಳಿತು. ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯ ಗುಟ್ಟನ್ನು ಆತನ ಹಕ್ಕೆಂದು ಬರೆದುಕೊಟ್ಟಿದೆ; ಒಪ್ಪಿಗೆಯಿಲ್ಲದೆ ಪತ್ರಿಕೆಗಳಿಗೆ ಚಿತ್ರವನ್ನಾಗಲಿ ಸುದ್ದಿಯನ್ನಾಗಲಿ ಕೊಡುವಂತಿಲ್ಲ. ಆದರೆ ಕಾಯಿದೆಗೆ ಎಲ್ಲ ಗಂಟನ್ನೂ ಬಿಡಿಸಲಾಗದು. ಅಮೆರಿಕದ ಕವಯಿತ್ರಿ ಆನ್ ಸೆಕ್ಸ್‌ಟನ್ 1974ರಲ್ಲಿ ತಾನಾಗಿ ಸಾವನ್ನು ತಂದುಕೊಂಡಳು. 1991ರಲ್ಲಿ ಬಂದ ಆಕೆಯ ಜೀವನಚರಿತ್ರೆಗೆ ಆಕೆಯ ಮನೋವೈದ್ಯ ಸುಮಾರು 300 ಗಂಟೆಗಳ ಚಿಕಿತ್ಸೆಯ ಧ್ವನಿಸುರುಳಿಗಳನ್ನು ಕೊಟ್ಟಿದ್ದ. ಮಗಳು ಒಪ್ಪಿದ್ದಳು. ತನ್ನ ಒಳಗನ್ನೆಲ್ಲ ಕವಿತೆಯಲ್ಲಿ ತೆರೆದಿಟ್ಟ ಕವಯಿತ್ರಿಗೆ ಇದರಿಂದ ಹೋದದ್ದೇನೆಂದು ಕೆಲವರು ಕೇಳಿದರು. ನನಗೆ ಈ ವಾದ ಒಪ್ಪಿಗೆಯಿಲ್ಲ. ಕವಿತೆಯಲ್ಲಿ ಯಾವ ಸಾಲು ಉಳಿಯಬೇಕು, ಯಾವುದು ಹೋಗಬೇಕು ಎಂದು ಗೀಟೆಳೆದವಳು ಆಕೆ. ಸುರುಳಿಯಲ್ಲಿ ಗೀಟೆಳೆಯುವ ಕೈ ಆಕೆಯದಲ್ಲ.

ಹೀಗೆ ಕಳೆದ ಲೇಖನಿಯನ್ನು ಮರಳಿ ಕೊಡುವ ಒಂದು ಪ್ರಯತ್ನವೂ ನಡೆದಿದೆ. ಆಸ್ಟ್ರೇಲಿಯದ ಅಡಿಲೇಡಿನ ಮೈಕೇಲ್ ವೈಟ್, ನ್ಯೂಜಿಲೆಂಡಿನ ಆಕ್ಲೆಂಡಿನ ಡೇವಿಡ್ ಎಪ್ಸ್ಟನ್ ಎಂಬಿಬ್ಬರು ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಕಥನ ಚಿಕಿತ್ಸೆಯೆಂಬುದನ್ನು ರೂಪಿಸಿದರು. ಭೇಟಿ ಮುಗಿದ ಮೇಲೆ ಚಿಕಿತ್ಸಕ ತನ್ನ ಕಡತಕ್ಕೆ ಟಿಪ್ಪಣಿ ಬರೆಯುವ ಬದಲು ಬಂದವರಿಗೇ ಪತ್ರ ಬರೆಯುತ್ತಾನೆ: ನೀವು ಹೀಗೆ ಹೇಳಿದಿರಿ, ನಾನು ಹೀಗೆ ತಿಳಿದೆ, ಸರಿಯೇ? ತಪ್ಪಿದ್ದರೆ ಅವರು ತಿದ್ದುತ್ತಾರೆ. ಅದೇ ಕಷ್ಟದಲ್ಲಿರುವ ಇನ್ನೊಬ್ಬರಿಗೆ ತಮ್ಮ ಕತೆ ನೆರವಾದೀತೆನಿಸಿದರೆ, ಅವರೇ ಬರೆದೋ ಒಪ್ಪಿಗೆ ಕೊಟ್ಟೋ ದಾಟಿಸುತ್ತಾರೆ. ಇದು ಎಲ್ಲ ರೋಗಕ್ಕೂ ಮದ್ದೆಂದು ನಾನು ಹೇಳಲಾರೆ. ಒಪ್ಪಿಗೆ ಕೇಳುವುದು ವ್ಯರ್ಥವೆಂದ ಫ್ರಾಯ್ಡನ ಮಾತು ಪೂರ್ತಿ ನಿಜವಲ್ಲವೆಂದು ಮಾತ್ರ ಅದು ತೋರಿಸಿದೆ.

ಕೊನೆಯದಾಗಿ, ಒಂದು ಭಾವಚಿತ್ರದ ಕತೆ. ಮಾಂಟ್ರಿಯಲ್‌ನಲ್ಲಿದ್ದ ಇತಿಹಾಸಕಾರ ಹೆನ್ರಿ ಎಲೆನ್‌ಬರ್ಗರ್‌ಗೆ, ಸವಾರಿಯ ಉಡುಪಿನಲ್ಲಿ ನೆಟ್ಟಗೆ ನಿಂತ ಬರ್ಥಾಳ ಹಳೆಯ ಚಿತ್ರವೊಂದು ಸಿಕ್ಕಿತು. ಅದರ ಮೇಲೆ 1882 ಎಂದಿತ್ತು. ಪುಸ್ತಕದ ಪ್ರಕಾರ ಬಳಲಿ ಬೆಂಡಾಗಿದ್ದ ವರ್ಷ ಆಕೆ ಎಲ್ಲಿ ಹೀಗೆ ಕುದುರೆ ಸವಾರಿಗೆ ಅಣಿಯಾಗಿದ್ದಳು? ಚಿತ್ರವನ್ನು ಪೊಲೀಸರ ಪ್ರಯೋಗಾಲಯದ ವಿಶೇಷ ಬೆಳಕಿನಲ್ಲಿಟ್ಟಾಗ ಅಳಿಸಿಹೋಗಿದ್ದ ಛಾಯಾಗ್ರಾಹಕನ ಊರು ಕಂಡಿತು: ಕಾನ್‌ಸ್ಟಾನ್ಸ್. ಗಡಿ ದಾಟಿದರೆ ಕ್ರಾಯ್ಟ್ಸ್‌ಲಿಂಗನ್, ಬೆಲ್‌ವ್ಯೂ ಆರೋಗ್ಯಧಾಮ. ಅಲ್ಲಿಯ ಕಡತಗಳಲ್ಲಿ ಬ್ರಾಯರ್ 1882ರಲ್ಲಿ ಕಳುಹಿಸಿದ್ದ ವರದಿಯ ಪ್ರತಿ ಸಿಕ್ಕಿತು. 1972ರಲ್ಲಿ ಎಲೆನ್‌ಬರ್ಗರ್ ಇದನ್ನು ಪ್ರಕಟಿಸಿದ. ಮುಂದೆ ಆಲ್ಬ್ರೆಖ್ಟ್ ಹಿರ್ಷ್‌ಮ್ಯುಲರ್ ಎಂಬ ವಿದ್ವಾಂಸ ಎಲ್ಲ ಕಾಗದಗಳನ್ನೂ ಶೋಧಿಸಿ 1978ರಲ್ಲಿ ಪುಸ್ತಕ ಮಾಡಿದ.

ಆ ಕಾಗದಗಳ ನಡುವೆ ಬರ್ಥಾಳದೇ ಒಂದು ಬರಹವಿತ್ತು, ಇಂಗ್ಲಿಷಿನಲ್ಲಿ. ಬೆಲ್‌ವ್ಯೂನಲ್ಲಿದ್ದಾಗ ತನ್ನ ಸ್ಥಿತಿಯನ್ನು ತಾನೇ ಬರೆದದ್ದು. ತಾನು ಜರ್ಮನ್ ಹುಡುಗಿಯಾಗಿದ್ದೂ ಜರ್ಮನ್ ಭಾಷೆ ಕೈಬಿಡುತ್ತದೆ, ಮತ್ತೆ ಮರಳುತ್ತದೆ ಎಂದು, ದೂರದವರ ಕಾಯಿಲೆಯನ್ನು ವರದಿಮಾಡುವ ವೈದ್ಯನಷ್ಟೇ ತಣ್ಣಗೆ ಹೇಳುತ್ತಾಳೆ. ಹಾವಿಲ್ಲ, ನಾಟಕವಿಲ್ಲ. ಆಗಾಗ ತನಗೆ ತಾನು ಇಲ್ಲವಾಗುವ ಗಳಿಗೆಗಳನ್ನು ಹೇಳಲು ಒಂದು ಹೊಸ ಪದವನ್ನೂ ಟಂಕಿಸಿದ್ದಾಳೆ. ಕಾಲ ಕಾಣೆಯಾಗುವುದು ಎಂಬುದು ಅದರ ಅರ್ಥ. ‘ಮಾತಿನ ಚಿಕಿತ್ಸೆ’ಯಂತೆಯೇ ಇದೂ ಆಕೆಯದೇ ಮಾತು. ಇದನ್ನು ಮಾತ್ರ ಯಾರೂ ಎತ್ತಿಕೊಂಡು ಹೋಗಲಿಲ್ಲ.